ಬೆಂಕಿಗೆ ಲಗಾಮು

ಅಟ್ಟದಿಂದ ಇಳಿದ ಒಲೆ

ಸಂಜೆ ಏಳು ಗಂಟೆ. ಕಲಿಕಾ ಕೇಂದ್ರದಲ್ಲಿ ದೀಪ ಹತ್ತಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ಕೊನೆಗೆ ಅತ್ತೆ ಸೊಸೆ ಇಬ್ಬರೂ ಬಂದರು. ಸೊಸೆಯ ಕಂಕುಳಲ್ಲಿ ಒಂದು ಸಣ್ಣ ಒಲೆ ಇತ್ತು. ಅದರ ಮೇಲೆಲ್ಲ ಧೂಳು, ಜೇಡರ ಬಲೆ.

"ಏನಮ್ಮ ಅದು? ಪಾಠಕ್ಕೆ ಪುಸ್ತಕ ತರೋದು ಬಿಟ್ಟು ಒಲೆ ತಂದಿದೀಯ!" ಎಂದು ಒಬ್ಬರು ನಕ್ಕರು.

"ನಗಬೇಡಿ ಅಕ್ಕ. ಇದು ಪೆಲೆಟ್ ಒಲೆ. ಎಷ್ಟೋ ವರ್ಷದಿಂದ ಅಟ್ಟದ ಮೇಲೆ ಬಿದ್ದಿತ್ತು. ನಿನ್ನೆ ಊರಿಗೆ ಒಬ್ಬ ವ್ಯಾಪಾರಿ ಬಂದಿದ್ದ. ವರ್ಷಪೂರ್ತಿ ಪೆಲೆಟ್ ಕೊಡ್ತೀನಿ, ಮುಂಗಡ ಕೊಡಿ, ಈ ಕಾಗದಕ್ಕೆ ಸಹಿ ಹಾಕಿ ಅಂದ. ಕಾಗದ ತಂದಿದೀನಿ" ಎಂದಳು ಸೊಸೆ.

ಅತ್ತೆಗೆ ಕೆಮ್ಮು ಬಂತು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಕೆಮ್ಮಿದರು. ಆಮೇಲೆ ಹೇಳಿದರು:

"ಬೇಡ ಕಣೆ. ಆ ಒಲೆ ನಂಗೆ ಮೋಸ ಮಾಡಿದೆ. ಮೊದಲು ಚೆನ್ನಾಗಿ ಉರೀತು. ಆಮೇಲೆ ಬರೀ ಹೊಗೆ. ಸೌದೆ ಒಲೇನೇ ವಾಸಿ ಅಂತ ಎತ್ತಿಟ್ಟೆ."

"ಸೌದೆ ಒಲೆ ವಾಸಿ ಅಂದ್ರೆ ಈ ಕೆಮ್ಮು ಎಲ್ಲಿಂದ ಬಂತು ಅತ್ತೆ? ಮನೇಲಿ ಗ್ಯಾಸ್ ಇದೆ. ಆದರೆ ಮುದ್ದೆಗೆ, ಸ್ನಾನದ ನೀರಿಗೆ ನೀವು ಸೌದೆ ಒಲೆ ಮುಂದೇನೇ ಕೂತಿರ್ತೀರ."

ಅತ್ತೆ ಸುಮ್ಮನಾದರು. ಪ್ರೇರಕಿ ಒಲೆಯನ್ನು ಎಲ್ಲರ ನಡುವೆ ಇಟ್ಟರು. "ಇವತ್ತು ಇದೇ ನಮ್ಮ ಪಾಠ" ಎಂದರು.

ಹೊಗೆ ಅಂದರೆ ಏನು?

ಪ್ರೇರಕಿ ಕೇಳಿದರು: "ಸೌದೆ ಉರಿದಾಗ ಹೊಗೆ ಯಾಕೆ ಬರುತ್ತೆ?"

"ಸೌದೆ ಹಸಿ ಇದ್ರೆ ಬರುತ್ತೆ" ಎಂದರು ಒಬ್ಬರು.

"ಊದುಕೊಳವೆಯಲ್ಲಿ ಊದಿದರೆ ನಿಲ್ಲುತ್ತೆ" ಎಂದರು ಇನ್ನೊಬ್ಬರು.

"ಎರಡೂ ಸರಿ. ಸೌದೆಗೆ ಶಾಖ ತಾಗಿದಾಗ ಅದರಿಂದ ಉರಿಯುವ ಅನಿಲ ಹೊರಗೆ ಬರುತ್ತೆ. ಆ ಅನಿಲಕ್ಕೆ ಸಾಕಷ್ಟು ಶಾಖ, ಸಾಕಷ್ಟು ಗಾಳಿ ಸಿಕ್ಕಿದರೆ ಅದು ಜ್ವಾಲೆಯಾಗಿ ಉರಿಯುತ್ತೆ. ಸಿಗದಿದ್ದರೆ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತೆ. ಅಂದರೆ ಹೊಗೆ ಎಂಬುದು ಉರಿಯದೆ ಉಳಿದ ಸೌದೆ. ನಾವು ಹೊತ್ತು ತಂದ ಸೌದೆಯೇ ನಮ್ಮ ಕಣ್ಣಿಗೆ, ಎದೆಗೆ ಹೋಗುತ್ತೆ."

ಈ ಹೊಗೆ ಸಣ್ಣ ಶತ್ರುವಲ್ಲ. ಮನೆಯೊಳಗಿನ ಹೊಗೆಯಿಂದ ಕೆಮ್ಮು, ದಮ್ಮು, ಮಕ್ಕಳಿಗೆ ನ್ಯುಮೋನಿಯಾ, ಹೃದಯದ ಕಾಯಿಲೆ ಬರುತ್ತವೆ. 2020ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಇಂಥ ಹೊಗೆಯ ಕಾರಣದಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು? ಹೆಂಗಸರು, ಅವರ ಮಡಿಲಲ್ಲಿರುವ ಮಕ್ಕಳು.

ಪೆಲೆಟ್ ಅಂದರೆ ಏನು?

ಸೊಸೆ ಸೆರಗಿನ ಗಂಟು ಬಿಚ್ಚಿದಳು. ವ್ಯಾಪಾರಿ ಕೊಟ್ಟ ಒಂದು ಹಿಡಿ ಪೆಲೆಟ್ ಇತ್ತು. ಸೀಮೆಸುಣ್ಣದ ತುಂಡಿನಂತೆ ಉರುಟಾಗಿ, ಗಿಡ್ಡವಾಗಿ ಇದ್ದವು. ಬಣ್ಣ ಕಂದು.

ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಇವನ್ನು ಒಣಗಿಸುತ್ತಾರೆ. ಪುಡಿ ಮಾಡುತ್ತಾರೆ. ಯಂತ್ರದಲ್ಲಿ ಬಲವಾಗಿ ಒತ್ತಿ ತೂತಿನಿಂದ ಹೊರಗೆ ತಳ್ಳುತ್ತಾರೆ. ಒತ್ತುವಾಗ ಬಿಸಿಯಾಗುತ್ತೆ. ಆ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುತ್ತೆ. ಅದೇ ಪೆಲೆಟ್.

ಪೆಲೆಟ್ ಒಣಗಿರುತ್ತೆ. ಎಲ್ಲಾ ಒಂದೇ ಅಳತೆ ಇರುತ್ತೆ. ಆದ್ದರಿಂದ ಒಂದೇ ಸಮ ಉರಿಯುತ್ತೆ.

ಪ್ರೇರಕಿ ಒಂದು ಲೋಟ ನೀರು ತರಿಸಿದರು. ಅದರಲ್ಲಿ ಒಂದು ಪೆಲೆಟ್ ಹಾಕಿದರು. ಸ್ವಲ್ಪ ಹೊತ್ತಿಗೆ ಅದು ಉಬ್ಬಿತು. ಒಡೆದು ಹೊಟ್ಟಾಯಿತು.

"ನೋಡಿದಿರಾ? ನೀರು ತಾಗಿದರೆ ಪೆಲೆಟ್ ಮತ್ತೆ ಹೊಟ್ಟು. ಅಮ್ಮ, ನೀವು ಪೆಲೆಟ್ ಚೀಲ ಎಲ್ಲಿ ಇಟ್ಟಿದ್ರಿ?"

"ಬಚ್ಚಲ ಪಕ್ಕ, ನೆಲದ ಮೇಲೆ" ಎಂದರು ಅತ್ತೆ ಮೆಲ್ಲಗೆ.

ಒಲೆಯೊಳಗೆ ಏನಿದೆ?

ನಮ್ಮ ಕರ್ನಾಟಕಕ್ಕೂ ಒಲೆಯ ಕೆಲಸಕ್ಕೂ ಹಳೆಯ ನಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹೊಗೆ ಕೊಳವೆಯಿರುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದರು. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳ ಕೆಲಸದಿಂದ ಒಂದು ಪೆಲೆಟ್ ಒಲೆ ಹುಟ್ಟಿತು. 2006ರಲ್ಲಿ ಅದು ಊರ್ಜಾ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನ ಹಳ್ಳಿಗಳಿಗೆ ಹೋಯಿತು. ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು.

ಇಂಥ ಒಲೆಯಲ್ಲಿ ಮೂರು ಭಾಗ ಮುಖ್ಯ.

ಒಂದು, ಪೆಲೆಟ್ ತುಂಬುವ ಗುಂಡಿ. ಎರಡು, ಗಾಳಿ ಊದುವ ಸಣ್ಣ ಫ್ಯಾನು. ಇದು ಬ್ಯಾಟರಿಯಿಂದ ತಿರುಗುತ್ತೆ. ಬ್ಯಾಟರಿಯನ್ನು ಕರೆಂಟಿನಿಂದ ಚಾರ್ಜ್ ಮಾಡಬೇಕು. ಮೂರು, ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ, ಅಂದರೆ ತಿರುವುವ ಬಿರಡೆ.

ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಅದು ನಿಧಾನವಾಗಿ ಕೆಳಕ್ಕೆ ಇಳಿಯುತ್ತೆ. ಫ್ಯಾನಿನ ಗಾಳಿ ಎರಡು ದಾರಿ ಹಿಡಿಯುತ್ತೆ. ಸ್ವಲ್ಪ ಗಾಳಿ ಕೆಳಗಿನಿಂದ ಬಂದು ಪೆಲೆಟ್‌ನಿಂದ ಅನಿಲ ಬಿಡಿಸುತ್ತೆ. ಉಳಿದ ಗಾಳಿ ಮೇಲಿನ ತೂತುಗಳಿಂದ ಬಂದು ಆ ಅನಿಲವನ್ನು ಉರಿಸುತ್ತೆ. ಹೊಗೆ ಆಗಬೇಕಾದ್ದು ಜ್ವಾಲೆ ಆಗುತ್ತೆ.

"ಅಂದ್ರೆ ಊದುಕೊಳವೆ ಕೆಲಸ ಫ್ಯಾನ್ ಮಾಡುತ್ತೆ!" ಎಂದಳು ಸೊಸೆ.

"ಹೌದು. ಗಾಳಿಯೇ ಬೆಂಕಿಯ ಲಗಾಮು. ಬಿರಡೆ ತಿರುವಿದರೆ ನಾವು ಲಗಾಮು ಎಳೆದ ಹಾಗೆ."

ಅತ್ತೆ ಒಲೆಯ ಫ್ಯಾನನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದರ ಸುತ್ತ ಬೂದಿ ಕಟ್ಟಿತ್ತು.

"ಕೊನೆಕೊನೆಗೆ ಇದು ತಿರುಗ್ತಾನೇ ಇರಲಿಲ್ಲ. ಕರೆಂಟು ಇರೋ ಹೊತ್ತಿಗೆ ಚಾರ್ಜಿಗೆ ಹಾಕೋದು ಮರೀತಿದ್ದೆ. ಪೆಲೆಟ್ಟೂ ಥಂಡಿ ಹಿಡಿದಿತ್ತು. ಉರಿ ಸಾಲದು ಅಂತ ಮೇಲೆ ಮೇಲೆ ತುಂಬ್ತಿದ್ದೆ."

"ಗಾಳಿ ಇಲ್ಲ, ಪೆಲೆಟ್ ಒದ್ದೆ, ಮೇಲೆ ಮತ್ತಷ್ಟು ಪೆಲೆಟ್. ಹೊಗೆ ಬರದೆ ಏನು ಮಾಡುತ್ತೆ ಅಮ್ಮ? ಆದರೆ ತಪ್ಪು ನಿಮ್ಮದೊಂದೇ ಅಲ್ಲ. ಹೇಗೆ ಬಳಸೋದು ಅಂತ ನಿಮಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಕಾಗದದಲ್ಲಿ ಬರೆದಿದ್ದನ್ನು ಓದೋಕೆ ಆಗ ನಿಮಗೆ ಬರ್ತಿರಲಿಲ್ಲ."

ತಾನೇ ಸಣ್ಣ ಆಗುವ ಒಲೆ

"ಅಕ್ಕ, ಇಸ್ತ್ರಿಪೆಟ್ಟಿಗೆ ಕಾದ ಮೇಲೆ ತಾನೇ ದೀಪ ಆರುತ್ತೆ. ಆರಿದ ಮೇಲೆ ಮತ್ತೆ ಹತ್ತುತ್ತೆ. ಈ ಒಲೆ ಹಾಗೆ ತಾನೇ ಸಣ್ಣ ಆಗಲ್ವಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ಒಳ್ಳೆ ಪ್ರಶ್ನೆ. ಇಸ್ತ್ರಿಪೆಟ್ಟಿಗೆಯೊಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ ಇರುತ್ತೆ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗುತ್ತೆ. ಕರೆಂಟು ನಿಲ್ಲುತ್ತೆ. ಆರಿದಾಗ ಪಟ್ಟಿ ನೆಟ್ಟಗಾಗುತ್ತೆ, ಕರೆಂಟು ಬರುತ್ತೆ. ಹೀಗೆ ಶಾಖವನ್ನು ಕಾಯುವ ಸಾಧನಕ್ಕೆ ಥರ್ಮೋಸ್ಟಾಟ್ ಅಂತ ಹೆಸರು."

ಅಮೆರಿಕ, ಇಟಲಿಯಂಥ ದೇಶಗಳಲ್ಲಿ ಚಳಿ ಜಾಸ್ತಿ. ಅಲ್ಲಿ ಪೆಲೆಟ್ ಒಲೆ ಅಡುಗೆಗಲ್ಲ, ಮನೆ ಬೆಚ್ಚಗಿಡೋಕೆ. ಅಮೆರಿಕದಲ್ಲಿ 1980ರ ದಶಕದಿಂದ ಇಂಥ ಒಲೆಗಳಿವೆ. ಒಲೆಯಲ್ಲೇ ಪೆಲೆಟ್ ತುಂಬುವ ಪೆಟ್ಟಿಗೆ ಇರುತ್ತೆ. ತಿರುಪಿನಂಥ ಒಂದು ಸರಳು ತಿರುಗುತ್ತ ಸ್ವಲ್ಪ ಸ್ವಲ್ಪವೇ ಪೆಲೆಟ್ಟನ್ನು ಬೆಂಕಿಗೆ ತಳ್ಳುತ್ತೆ. ಹೊಗೆ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತೆ.

ಗೋಡೆಯ ಮೇಲೆ ಥರ್ಮೋಸ್ಟಾಟ್ ಇಡುತ್ತಾರೆ. ಕೆಲವಕ್ಕೆ ಹೊತ್ತನ್ನೂ ಮೊದಲೇ ಹೇಳಿಕೊಡಬಹುದು. ಬೆಳಿಗ್ಗೆ 6 ಗಂಟೆಗೆ ಮನೆ 20 ಡಿಗ್ರಿ ಇರಲಿ, ರಾತ್ರಿ 10 ಗಂಟೆಗೆ 16 ಡಿಗ್ರಿ ಸಾಕು, ಹೀಗೆ. ಎಲ್ಲರೂ ಕಂಬಳಿ ಹೊದ್ದು ಮಲಗಿರುವಾಗ ಬೆಂಕಿ ಸಣ್ಣಗಿರುತ್ತೆ. ಪೆಲೆಟ್ ಉಳಿಯುತ್ತೆ.

ಆದರೆ ಅಲ್ಲೂ ಒಂದು ಎಚ್ಚರ ಬೇಕು. ಪೆಲೆಟ್ ಒಲೆ ಗ್ಯಾಸಿನ ಹಾಗೆ ಥಟ್ಟನೆ ಹತ್ತುವುದಿಲ್ಲ, ಥಟ್ಟನೆ ಆರುವುದಿಲ್ಲ. ಹತ್ತಿ ಹದಕ್ಕೆ ಬರಲು ಹಲವು ನಿಮಿಷ ಬೇಕು. ಪದೇ ಪದೇ ಆರಿಸಿ ಹಚ್ಚಿದರೆ ಬೆಂಕಿ ಹೊತ್ತಿಸುವ ಭಾಗ ಬೇಗ ಸವೆಯುತ್ತೆ. ಹತ್ತುವಾಗ, ಆರುವಾಗಲೇ ಹೊಗೆ ಹೆಚ್ಚು. ಆದ್ದರಿಂದ ಹಲವು ಒಲೆಗಳಲ್ಲಿ ಥರ್ಮೋಸ್ಟಾಟ್ ಬೆಂಕಿಯನ್ನು ಆರಿಸಿಬಿಡದೆ ಸಣ್ಣ ಮಾಡುವಂತೆ ಹೊಂದಿಸಬಹುದು. ಅಲ್ಲದೆ ಈ ಒಲೆಗಳಿಗೆ ಕರೆಂಟು ಬೇಕು. ಕರೆಂಟು ಹೋದರೆ ಫ್ಯಾನೂ ನಿಲ್ಲುತ್ತೆ, ಪೆಲೆಟ್ ಬರುವುದೂ ನಿಲ್ಲುತ್ತೆ.

"ನಮ್ಮ ಒಲೇಲಿ ಆ ಥರ್ಮೋಸ್ಟಾಟ್ ಎಲ್ಲಿದೆ?" ಎಂದರು ಅತ್ತೆ.

ಪ್ರೇರಕಿ ಅವರ ಕೈ ಹಿಡಿದು ಬಿರಡೆಯ ಮೇಲೆ ಇಟ್ಟರು.

"ಇಲ್ಲಿದೆ ಅಮ್ಮ. ನಿಮ್ಮ ಕಣ್ಣು ನೋಡುತ್ತೆ, ಕೈ ತಿರುವುತ್ತೆ. ಯಂತ್ರಕ್ಕೆ ಹೊತ್ತು ಹೇಳಿಕೊಡಬೇಕು. ನಿಮಗೆ ಯಾವ ಅಡುಗೆ ಯಾವಾಗ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ."

ಅಡುಗೆಯ ಸರದಿ

ಸುಮಾರು 600 ಗ್ರಾಂ ಪೆಲೆಟ್ ಹಿಡಿಯುವ ಒಲೆ ಸುಮಾರು ಒಂದು ಗಂಟೆ ಉರಿಯುತ್ತೆ. ಮಧ್ಯೆ ಆರಿಸಲು ಸುಲಭವಲ್ಲ. ಆದ್ದರಿಂದ ಹಚ್ಚುವ ಮೊದಲೇ ಸರದಿ ಗೊತ್ತು ಮಾಡಿಕೊಳ್ಳಬೇಕು. ಹೆಂಗಸರು ಸೇರಿ ಹಲಗೆಯ ಮೇಲೆ ಸರದಿ ಬರೆದರು.

1. ಬೇಳೆ ತೊಳೆದು, ತರಕಾರಿ ಹೆಚ್ಚಿ, ಎಲ್ಲ ತಯಾರಾದ ಮೇಲೆ ಒಲೆ ಹಚ್ಚುವುದು.
2. ಮೊದಲು ದೊಡ್ಡ ಉರಿ. ಬೇಳೆಯ ಎಸರು ಕುದಿಯಲಿ.
3. ಕುದಿ ಬಂದ ಕೂಡಲೇ ಬಿರಡೆ ತಿರುವಿ ಸಣ್ಣ ಉರಿ. ಮುಚ್ಚಳ ಮುಚ್ಚಿ ಬೇಯಿಸುವುದು.
4. ಆಮೇಲೆ ಮುದ್ದೆಯ ಎಸರು. ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ ತಿರುವುವುದು.
5. ಕೊನೆಗೆ ಉಳಿಯುವ ಕೆಂಡದ ಮೇಲೆ ಹಾಲು ಅಥವಾ ನೀರು.

"ಕುದಿ ಬಂದ ಮೇಲೂ ದೊಡ್ಡ ಉರಿ ಇಟ್ಟರೆ ಬೇಳೆ ಬೇಗ ಬೇಯಲ್ವಾ?" ಎಂದು ಒಬ್ಬರು ಕೇಳಿದರು.

"ಇಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯೋದು ಸುಮಾರು 100 ಡಿಗ್ರಿಯಲ್ಲಿ. ಉರಿ ಎಷ್ಟೇ ಹೆಚ್ಚಿಸಿ, ನೀರು ಅದಕ್ಕಿಂತ ಬಿಸಿ ಆಗಲ್ಲ. ಆವಿಯಾಗಿ ಹೋಗುತ್ತೆ ಅಷ್ಟೆ. ಸಣ್ಣ ಕುದಿಯಲ್ಲೂ ಬೇಳೆ ಅಷ್ಟೇ ಬೇಗ ಬೇಯುತ್ತೆ. ಪೆಲೆಟ್ ಉಳಿಯುತ್ತೆ. ಗ್ಯಾಸ್ ಒಲೆಗೂ ಇದೇ ಮಾತು, ಸೌದೆ ಒಲೆಗೂ ಇದೇ ಮಾತು."

ಎಚ್ಚರಿಕೆ

ಈ ಮಾತುಗಳನ್ನು ಜೋರಾಗಿ ಓದಿ. ಮನೆಯವರಿಗೂ ಓದಿ ಹೇಳಿ.

ಪೆಲೆಟ್ ಚೀಲವನ್ನು ಹಲಗೆಯ ಮೇಲೆ ಇಡಿ. ಬಾಯಿ ಕಟ್ಟಿಡಿ. ಒಳ್ಳೆಯ ಪೆಲೆಟ್ ಮುರಿದರೆ ಟಕ್ ಎನ್ನುತ್ತೆ. ಕೈಯಲ್ಲೇ ಪುಡಿಯಾದರೆ ಕೊಳ್ಳಬೇಡಿ.

ಬೇಕಾದಷ್ಟೇ ಪೆಲೆಟ್ ತುಂಬಿ. ಮೇಲಿನ ಗಾಳಿ ತೂತುಗಳು ಮುಚ್ಚಬಾರದು.

ಬೆಂಕಿ ಹತ್ತಿದ ಮೇಲೆ ಎಂದೂ ಸೀಮೆಎಣ್ಣೆ ಹಾಕಬೇಡಿ. ಉರಿಯುವ ಒಲೆಯನ್ನು ಎತ್ತಿ ಓಡಾಡಬೇಡಿ.

ಮೊದಲ ಕೆಲವು ನಿಮಿಷ ಒಲೆಯನ್ನು ಬಾಗಿಲ ಹೊರಗೆ ಹಚ್ಚುವುದಾದರೆ, ಅಲ್ಲೇ ಅಡುಗೆ ಮುಗಿಸಿ.

ಫ್ಯಾನಿಗೆ ನೀರು ತಾಗಿಸಬೇಡಿ. ಒಲೆ ಪೂರ್ತಿ ಆರಿದ ಮೇಲೆ ದಿನವೂ ಬೂದಿ ತೆಗೆಯಿರಿ.

ಕೆಂಡಕ್ಕೆ ಹೊಗೆ ಇಲ್ಲ ಎಂದು ನಂಬಿ ಮೋಸ ಹೋಗಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲ ಬರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬರುತ್ತೆ. ಮಲಗಿದವರು ಮಲಗಿದಲ್ಲೇ ಸಾಯಬಹುದು. ಚಳಿಗೆಂದು ಕೆಂಡದ ಒಲೆಯನ್ನು ಮಲಗುವ ಕೋಣೆಗೆ ತರಬೇಡಿ. ಅಡುಗೆ ಮಾಡುವಾಗ ಕಿಟಕಿ ಬಾಗಿಲು ತೆರೆದಿರಲಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗೆ ಗಾಳಿಗೆ ಕರೆತನ್ನಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಾಗದ ಓದೋಣ

ಈಗ ಉಳಿದದ್ದು ವ್ಯಾಪಾರಿಯ ಕಾಗದ. ಸೊಸೆ ಅದನ್ನು ಬಿಡಿಸಿದಳು.

"ನಾನೇ ಓದ್ತೀನಿ ಕೊಡು" ಎಂದರು ಅತ್ತೆ. ಕನ್ನಡಕ ಸರಿಮಾಡಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಮುಂ-ಗ-ಡ 2000 ರೂಪಾಯಿ. ಒಂದು ವರ್ಷ ಪೆಲೆಟ್ ಒದಗಿಸಲಾಗುವುದು. ಮುಂಗಡ ವಾಪಸ್ ಇಲ್ಲ."

ಅವರು ಕಾಗದ ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ. ಮತ್ತೆ ಮೊದಲಿಂದ ಓದಿದರು.

"ಕಿಲೋಗೆ ಎಷ್ಟು ರೂಪಾಯಿ? ಬೆಲೆ ಎಲ್ಲಿ ಬರೆದಿದೆ?"

ಎಲ್ಲರೂ ಬಗ್ಗಿ ನೋಡಿದರು. ಬೆಲೆ ಎಲ್ಲೂ ಇರಲಿಲ್ಲ.

"ಬಾಯಲ್ಲಿ 12 ರೂಪಾಯಿ ಅಂದ" ಎಂದಳು ಸೊಸೆ. ಅವಳ ಮುಖ ಸಣ್ಣದಾಯಿತು.

"ಬಾಯಿ ಮಾತು ಗಾಳಿ ಮಾತು" ಎಂದರು ಅತ್ತೆ.

ಪ್ರೇರಕಿ ಹಿಂದೆ ಆದದ್ದನ್ನು ಹೇಳಿದರು. 2006ರ ನಂತರ ಪೆಲೆಟ್ ಒಲೆ ಕೊಂಡ ಮನೆಗಳಲ್ಲಿ ಒಲೆ ಕೆಲವು ವರ್ಷ ಉರಿಯಿತು. ಆಮೇಲೆ ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆಗೆ ಕಾರ್ಖಾನೆಗಳಿಂದ ಬೇಡಿಕೆ ಬಂತು. ಅವುಗಳ ಬೆಲೆ ಏರಿತು. ಪೆಲೆಟ್ ಬೆಲೆಯೂ ಏರಿತು. ಹಲವು ಹಳ್ಳಿಗಳಿಗೆ ಪೆಲೆಟ್ ಬರುವುದು ಕಡಿಮೆಯಾಯಿತು. ಎಷ್ಟೋ ಒಲೆಗಳು ಅಟ್ಟ ಸೇರಿದವು. ಒಂದೇ ಬಗೆಯ ಉರುವಲು ಬೇಡುವ ಒಲೆಗೆ ಆ ಉರುವಲು ಸಿಗದಿದ್ದರೆ ಒಲೆ ಚೆನ್ನಾಗಿದ್ದೂ ಏನು ಫಲ?

"ಹಾಗಾದ್ರೆ ಪೆಲೆಟ್ ಬೇಡವಾ?" ಎಂದಳು ಸೊಸೆ.

"ಬೇಡ ಅಂತ ನಾನು ಹೇಳಲ್ಲ. ಲೆಕ್ಕ ಹಾಕಿ ನೀವೇ ಹೇಳಿ" ಎಂದರು ಪ್ರೇರಕಿ.

ಒಂದು ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತೆ. ಅಷ್ಟೇ ಅಡುಗೆಯನ್ನು ಒಳ್ಳೆಯ ಪೆಲೆಟ್ ಒಲೆಯಲ್ಲಿ ಮಾಡಲು ಸುಮಾರು 50 ಕಿಲೋ ಪೆಲೆಟ್ ಬೇಕು. ಹೆಂಗಸರು ಸ್ಲೇಟಿನ ಮೇಲೆ ಬರೆದರು.

ಕಿಲೋಗೆ 12 ರೂಪಾಯಿ ಆದರೆ, 50 × 12 = 600 ರೂಪಾಯಿ.
ಕಿಲೋಗೆ 16 ರೂಪಾಯಿ ಆದರೆ, 50 × 16 = 800 ರೂಪಾಯಿ.
ಕಿಲೋಗೆ 20 ರೂಪಾಯಿ ಆದರೆ, 50 × 20 = 1000 ರೂಪಾಯಿ.

ಇದನ್ನು ನಿಮ್ಮ ಊರಿನ ಸಿಲಿಂಡರಿನ ಬೆಲೆಯ ಜೊತೆ ಇಟ್ಟು ನೋಡಿ. ಸಬ್ಸಿಡಿ ಬರುತ್ತಿದ್ದರೆ ಅದನ್ನು ಕಳೆಯಿರಿ. ಯಾವುದು ಕಡಿಮೆ? ಗ್ಯಾಸಿನಲ್ಲಿ ಹೊಗೆ ಇನ್ನೂ ಕಡಿಮೆ ಎಂಬುದನ್ನೂ ಮರೆಯಬೇಡಿ.

ಅತ್ತೆಯ ತೀರ್ಮಾನ

ಮರುದಿನ ವ್ಯಾಪಾರಿ ಬಂದ. ಅತ್ತೆ ಜಗುಲಿಯ ಮೇಲೆ ಕೂತಿದ್ದರು. ಸೊಸೆ ಪಕ್ಕದಲ್ಲಿ ನಿಂತಿದ್ದಳು.

"ನೋಡಪ್ಪ, ಮುಂಗಡ ಕೊಡಲ್ಲ. ನಮ್ಮ ಸಂಘಕ್ಕೆ ಮೊದಲು ಎರಡು ಚೀಲ ಕೊಡು. ತೂಕ ಮಾಡಿ ತಗೋತೀವಿ, ಕೈಯಲ್ಲಿ ದುಡ್ಡು ಕೊಡ್ತೀವಿ. ಉರಿಸಿ ನೋಡ್ತೀವಿ. ಚೆನ್ನಾಗಿದ್ರೆ ಮುಂದಿನ ಮಾತು. ಆಗ ಕಿಲೋಗೆ ಎಷ್ಟು, ಎಷ್ಟು ತಿಂಗಳವರೆಗೆ ಅದೇ ಬೆಲೆ, ಒದ್ದೆ ಚೀಲ ಬಂದ್ರೆ ಏನು ಮಾಡ್ತೀಯ, ಮೂರನ್ನೂ ಕಾಗದದ ಮೇಲೆ ಬರಿ."

ವ್ಯಾಪಾರಿ ತಲೆ ಕೆರೆದುಕೊಂಡ. "ಅಷ್ಟೆಲ್ಲ ಯಾರೂ ಕೇಳಲಿಲ್ಲವಲ್ಲ ಅಮ್ಮ" ಎಂದ.

"ಈಗ ಕೇಳ್ತಾರೆ" ಎಂದರು ಅತ್ತೆ.

ಎರಡು ಚೀಲ ಬಂತು. ಸೊಸೆ ಫ್ಯಾನಿನ ಬೂದಿ ಒರೆಸಿದಳು. ಹೊಸ ಬ್ಯಾಟರಿ ಹಾಕಿಸಿ ರಾತ್ರಿಯೇ ಚಾರ್ಜಿಗೆ ಇಟ್ಟಳು. ಬೆಳಿಗ್ಗೆ ಕಿಟಕಿ ತೆರೆದು ಒಲೆ ಹಚ್ಚಿದರು. ಮೊದಲು ಸ್ವಲ್ಪ ಹೊಗೆ ಬಂತು. ಆಮೇಲೆ ಉರಿ ನಿಂತಿತು. ಎಸರು ಕುದಿಯಿತು. ಅತ್ತೆ ಕೈ ಚಾಚಿ ಬಿರಡೆ ತಿರುವಿದರು. ಉರಿ ಸಣ್ಣದಾಯಿತು.

"ಕೆಮ್ಮಿಗೆ ಔಷಧಿ ಈ ಒಲೆ ಅಲ್ಲ ಅತ್ತೆ. ಸೋಮವಾರ ಆಸ್ಪತ್ರೆಗೆ ಹೋಗಿ ಬರೋಣ" ಎಂದಳು ಸೊಸೆ.

"ಆಗಲಿ" ಎಂದರು ಅತ್ತೆ. ಹಲವು ದಿನದಿಂದ ಅವರು ಒಲ್ಲೆ ಎನ್ನುತ್ತಿದ್ದ ಮಾತು ಅದು.

ಯೋಚಿಸಿ, ಚರ್ಚಿಸಿ

1. ಹೊಗೆ ಅಂದರೆ ಏನು? ಅದು ಯಾಕೆ ಬರುತ್ತೆ?
2. ಅತ್ತೆಯ ಒಲೆ ಹೊಗೆ ಬಿಡಲು ಮೂರು ಕಾರಣ ಯಾವುವು?
3. ಥರ್ಮೋಸ್ಟಾಟ್ ಏನು ಕೆಲಸ ಮಾಡುತ್ತೆ? ನಿಮ್ಮ ಮನೆಯಲ್ಲಿ ಯಾವ ವಸ್ತುವಿನಲ್ಲಿ ಅದು ಇದೆ?
4. ಕಾಗದಕ್ಕೆ ಸಹಿ ಹಾಕುವ ಮೊದಲು ಏನೇನು ನೋಡಬೇಕು?

ಲೆಕ್ಕ ಮಾಡಿ

ಒಂದು ಮನೆಯಲ್ಲಿ ಬೆಳಿಗ್ಗೆ 600 ಗ್ರಾಂ, ಸಂಜೆ 400 ಗ್ರಾಂ ಪೆಲೆಟ್ ಉರಿಸುತ್ತಾರೆ. ದಿನಕ್ಕೆ ಎಷ್ಟು ಕಿಲೋ? 30 ದಿನಕ್ಕೆ ಎಷ್ಟು ಕಿಲೋ? ಕಿಲೋಗೆ 12 ರೂಪಾಯಿ ಆದರೆ ತಿಂಗಳ ಖರ್ಚು ಎಷ್ಟು?

ಬರೆಯಿರಿ

ನಾಳೆ ಬೆಳಗಿನ ನಿಮ್ಮ ಅಡುಗೆಯ ಸರದಿ ಬರೆಯಿರಿ. ಎಲ್ಲಿ ದೊಡ್ಡ ಉರಿ, ಎಲ್ಲಿ ಸಣ್ಣ ಉರಿ ಎಂದು ಪಕ್ಕದಲ್ಲಿ ಗುರುತು ಮಾಡಿ.